ಹೆಸರಿಟ್ಟ ಮೇಲೆ

ಕನ್ನಡದಲ್ಲಿ ಲಿಂಗಗಳು ಮೂರು ಎಂದು ಶಾಲೆಯ ವ್ಯಾಕರಣ ಪಾಠ ಹೇಳುತ್ತದೆ. ಮನುಷ್ಯರಲ್ಲಿ ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ. ಉಳಿದುದೆಲ್ಲವೂ, ಕಲ್ಲುಮರಗಳೊಡನೆ ನಾಯಿ, ಬೆಕ್ಕು, ಹಸುಗಳೂ, ನಪುಂಸಕಲಿಂಗ. ಆದುದರಿಂದ ‘ನಾಯಿ ಬಂತು’ ಎಂದು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ದೊರೆಯುತ್ತದೆ. ಅದೇ ವಿದ್ಯಾರ್ಥಿ ಸಂಜೆ ಮನೆಗೆ ಬಂದು ಪುಸ್ತಕದ ಚೀಲ ಇಳಿಸುತ್ತಲೇ ‘ಕರಿಯ ಎಲ್ಲಿ ಹೋದ? ಊಟ ಮಾಡಿದನಾ?’ ಎಂದು ಅವ್ವನನ್ನು ಕೇಳುತ್ತಾನೆ. ಅಲ್ಲಿ ವ್ಯಾಕರಣದ ನಿಯಮ ಮುರಿಯಿತು. ಆದರೆ ಮನೆಯಲ್ಲಿ ಯಾರೂ ತಿದ್ದುವುದಿಲ್ಲ; ಅವ್ವನೂ ‘ಆಗಲೇ ಉಂಡ, ಜಗುಲಿಯ ಮೇಲೆ ಮಲಗಿದ್ದಾನೆ’ ಎಂದೇ ಉತ್ತರಿಸುತ್ತಾಳೆ. ಹೆಸರಿಲ್ಲದ ನಾಯಿ ‘ಅದು’; ಹೆಸರು ಪಡೆದ ನಾಯಿ ‘ಅವನು’.

ಈ ಸಣ್ಣ ಸ್ಥಿತ್ಯಂತರದಲ್ಲಿ ಒಂದು ದೊಡ್ಡ ಸಂಗತಿ ಅಡಗಿದೆ. ಕಾನೂನಿನ ಕಣ್ಣಿಗೆ ಸಾಕುಪ್ರಾಣಿಯು ಇಂದಿಗೂ ಒಡೆಯನ ಸ್ವತ್ತು. ಮೇಜು ಕುರ್ಚಿಗಳಂತೆ ಅದನ್ನು ಕೊಳ್ಳಬಹುದು, ಮಾರಬಹುದು. ವ್ಯಾಕರಣದ ಕಣ್ಣಿಗೆ ಅದು ನಪುಂಸಕ. ಮನೆಯವರ ಬಾಯಲ್ಲಿ ಮಾತ್ರ ಅದು ಒಬ್ಬ ವ್ಯಕ್ತಿ. ಹಾಗೆ ವ್ಯಕ್ತಿಯೆಂದು ಒಪ್ಪಿಕೊಂಡ ಮೇಲೆ ಆ ವ್ಯಕ್ತಿಯ ಸ್ವಭಾವವೇನು, ಅವನ ಇಷ್ಟಾನಿಷ್ಟಗಳೇನು, ಅವನಿಗೆ ಸಲ್ಲಬೇಕಾದುದೇನು ಎಂಬ ವಿಚಾರಣೆ ಒಡೆಯನ ಮೇಲೆ ಬೀಳುತ್ತದೆ. ಹೆಸರಿಡುವುದು ಸುಲಭ, ಹೆಸರಿಟ್ಟ ಮೇಲಿನ ಹೊಣೆ ಹತ್ತು ಹನ್ನೆರಡು ವರ್ಷಗಳದು.

ಹೆಸರು ಹಿಡಿದು ಕರೆಯುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಗೋವಿನ ಹಾಡನ್ನು ಕಲಿತ ಪ್ರತಿಯೊಂದು ಮಗುವಿಗೂ ಗೊತ್ತು, ಅಲ್ಲಿಯ ಗೊಲ್ಲನು ತನ್ನ ಹಸುಗಳನ್ನು ಒಟ್ಟಾಗಿ ಮಂದೆಯೆಂದು ಕರೆಯದೆ ಒಂದೊಂದನ್ನೂ ಅದರದರ ಹೆಸರಿನಿಂದ ಕರೆಯುತ್ತಾನೆ. ಸೇಲಂ ಜಿಲ್ಲೆಯ ಕಡಯಂಪಟ್ಟಿಯಲ್ಲಿ, ಓಮಲೂರಿನ ಉತ್ತರಕ್ಕೆ ಶೇರ್ವರಾಯನ್ ಬೆಟ್ಟಗಳ ಮಗ್ಗುಲಿನ ಈ ಸೀಮೆಯಲ್ಲಿ, ಕನ್ನಡ ಮಾತನಾಡುವ ಮನೆಗಳ ನಾಯಿಗಳಿಗೆ ಮತ್ತೊಂದು ವಿಶೇಷವುಂಟು. ಅವುಗಳನ್ನು ಅಂಗಳದೊಳಗೆ ಕನ್ನಡದಲ್ಲಿ ‘ಬಾ’ ಎಂದು ಕರೆಯುತ್ತಾರೆ, ಬೇಲಿಯಾಚೆ ತಮಿಳಿನಲ್ಲಿ ‘ವಾ’ ಎಂದು ಕರೆಯುತ್ತಾರೆ. ಮನೆಯ ಮಕ್ಕಳಂತೆ ಮನೆಯ ನಾಯಿಯೂ ಎರಡು ಭಾಷೆಗಳ ನಡುವೆ ಬೆಳೆಯುತ್ತದೆ.

ಇದು ಕೇವಲ ಮಮತೆಯ ಮಾತಲ್ಲ. ಹಂಗೇರಿ ದೇಶದ ಬುಡಾಪೆಸ್ಟ್ ನಗರದ ಎವೊಟ್ವೊಶ್ ಲೊರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 18 ನಾಯಿಗಳನ್ನು ಮೆದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಅಲುಗಾಡದೆ ಮಲಗುವಂತೆ ಪಳಗಿಸಿ, ಅವುಗಳಿಗೆ ಒಂದೇ ಕಥೆಯನ್ನು ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಕೇಳಿಸಿದರು. ಪ್ರತಿಯೊಂದು ನಾಯಿಯೂ ಆವರೆಗೆ ತನ್ನ ಮನೆಯಲ್ಲಿ ಆ ಎರಡರಲ್ಲಿ ಒಂದನ್ನು ಮಾತ್ರ ಕೇಳಿ ಬೆಳೆದಿತ್ತು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ನಾಯಿಯ ಮೆದುಳು ಬೇರೆಬೇರೆಯಾಗಿ ಸ್ಪಂದಿಸುವುದು ಕಂಡುಬಂದಿತು. ವಯಸ್ಸಾದ ನಾಯಿಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. ಈ ಅಧ್ಯಯನ ಪ್ರಕಟವಾದದ್ದು 2022ರಲ್ಲಿ. ಬೆಕ್ಕಿನ ವಿಷಯದಲ್ಲಿ ಜಪಾನಿನ ಸಂಶೋಧಕರು 2019ರಲ್ಲಿ ಇಂಥದೇ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಅದೇ ಲಯ, ಅದೇ ಉದ್ದದ ಬೇರೆ ಪದಗಳ ನಡುವೆ ತನ್ನ ಹೆಸರು ಬಂದಾಗ ಬೆಕ್ಕು ಅದನ್ನು ಗುರುತಿಸುತ್ತದೆ. ಕಿವಿ ಅಥವಾ ತಲೆಯನ್ನು ಅತ್ತ ಹೊರಳಿಸುತ್ತದೆ. ಕರೆದಾಗ ಎದ್ದು ಬರುವುದು ಬಿಡುವುದು ಮಾತ್ರ ಬೆಕ್ಕಿನ ವಿವೇಚನೆಗೆ ಬಿಟ್ಟದ್ದು. ಅಂದರೆ, ಬೆಕ್ಕು ಮಾತು ಕೇಳದೆ ಇರುವುದು ಮಾತು ತಿಳಿಯದುದರಿಂದ ಅಲ್ಲ. ಈ ಭೇದವನ್ನು ಅರಿತ ಮನೆಯಲ್ಲಿ ಬೆಕ್ಕಿಗೂ ಮನೆಯವರಿಗೂ ಅನಾವಶ್ಯಕ ಮನಸ್ತಾಪ ಹುಟ್ಟುವುದಿಲ್ಲ.

ಪ್ರಾಣಿಯ ಹೆಸರನ್ನೂ ನಡತೆಯನ್ನೂ ಕಲ್ಲಿನಲ್ಲಿ ಕಡೆದು ಉಳಿಸಿದ ಹಿರಿಯರು ಈ ನಾಡಿನಲ್ಲಿ ಇದ್ದರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕನ್ನಡ ಶಾಸನ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆ ಕಲ್ಲಿನ ಕಥೆ ಆರಂಭವಾಗುವುದು ತಮಿಳುನಾಡಿನ ನೆಲದಲ್ಲಿ, ಅರಕ್ಕೋಣಂ ಬಳಿಯ ತಕ್ಕೋಲದ ರಣರಂಗದಲ್ಲಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗದೊರೆ ಎರಡನೆಯ ಬೂತುಗನು ಅಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದನು. ಬೂತುಗನ ಆಳಾದ ಮಣಲೇರನು ತೋರಿದ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದು ದೊರೆ ಹೇಳಿದನು. ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದನು. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಮಡಿದವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ನಡೆಯುವಂತೆ ಭೂಮಿ ಬಿಟ್ಟನು. ಪೂಜೆ ಮಾಡದೆ ಉಣ್ಣುವ ಅರ್ಚಕನಿಗೆ ಪಾಪ ತಟ್ಟುವುದೆಂಬ ಮಾತೂ ಶಾಸನದಲ್ಲಿದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗದ ಚಿತ್ರವಿದೆ.

ಕಡಯಂಪಟ್ಟಿಗೆ ಇನ್ನೂ ಸಮೀಪದಲ್ಲಿ, ಧರ್ಮಪುರಿಯ ಪೂರ್ವದ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ, ಇದಕ್ಕಿಂತ ಮುನ್ನೂರು ವರ್ಷ ಹಿಂದಿನ ತಮಿಳು ವೀರಗಲ್ಲು ಇದೆ. ಪಲ್ಲವ ಅರಸ ಒಂದನೆಯ ಮಹೇಂದ್ರವರ್ಮನ 34ನೆಯ ಆಳ್ವಿಕೆಯ ವರ್ಷದ ಆ ಕಲ್ಲಿನಲ್ಲಿ ಕರುಂದೇವಕ್ಕತ್ತಿ ಎಂಬ ವೀರನೊಡನೆ ಅವನ ನಾಯಿಯೂ ಇದೆ. ಅದರ ಹೆಸರು ಕೋವಿವನ್. ಅದು ಕಳ್ಳರಿಬ್ಬರನ್ನು ಕಚ್ಚಿ ಕಾವಲು ನಿಂತಿತ್ತೆಂದು ಅಕ್ಷರಗಳು ಹೇಳುತ್ತವೆ.

ಎರಡು ಕಲ್ಲುಗಳು, ಎರಡು ಭಾಷೆಗಳು, ಎರಡು ಹೆಸರುಗಳು. ಗಮನಿಸಬೇಕಾದುದೇನೆಂದರೆ, ಎರಡು ಬರಹಗಳೂ ನಾಯಿಯ ಚೆಲುವನ್ನಾಗಲಿ ಬೆಲೆಯನ್ನಾಗಲಿ ಹೇಳುವುದಿಲ್ಲ. ಅದು ಏನು ಮಾಡಿತೆಂಬುದನ್ನು ಹೇಳುತ್ತವೆ. ಕಾಳಿ ಹಿಂದೆಗೆಯದ ನಾಯಿ. ಕೋವಿವನ್ ಬಿಟ್ಟುಹೋಗದ ನಾಯಿ. ಜಾತಿಯನ್ನಲ್ಲ, ಒಂದೊಂದರ ನಡತೆಯನ್ನು ಕಂಡವರು ಆ ಕಲ್ಲುಗಳನ್ನು ನಿಲ್ಲಿಸಿದರು. ಇಂದು ಪೇಟೆಯಲ್ಲಿ ತಳಿಯ ಹೆಸರು ಕೇಳಿ, ಬೆಲೆ ಕೇಳಿ ಮರಿ ತರುವ ಕುಟುಂಬಗಳು ಅವರಿಂದ ಕಲಿಯಬೇಕಾದುದು ಇದನ್ನೇ.

ನಡತೆಯನ್ನು ಓದಲು ಕನ್ನಡದ ಗಾದೆಗಳು ನೆರವಾಗಬಹುದೆಂದು ಯಾರಿಗಾದರೂ ತೋರಬಹುದು. ಗಾದೆ ವೇದಕ್ಕೆ ಸಮಾನವೆನ್ನುತ್ತಾರೆ. ಆದರೂ ಸಾಕ್ಷಿಕಟ್ಟೆಗೆ ಬಂದ ಯಾವ ಸಾಕ್ಷಿಯನ್ನೂ ಪಾಟೀಸವಾಲಿಲ್ಲದೆ ಇಳಿಸುವ ಪದ್ಧತಿ ನ್ಯಾಯಾಲಯದಲ್ಲಿಲ್ಲ. ಮೂರು ಗಾದೆಗಳನ್ನು ಕರೆದು ನೋಡಬಹುದು.

ಮೊದಲನೆಯದು: ಬೊಗಳುವ ನಾಯಿ ಕಚ್ಚುವುದಿಲ್ಲ. ಮನುಷ್ಯರ ಬಾಯಿಬಡುಕತನದ ಬಗ್ಗೆ ಇದು ಒಳ್ಳೆಯ ಮಾತು. ನಾಯಿಯ ಬಗ್ಗೆ ಅಪಾಯದ ಮಾತು. ಬೊಗಳುವ ನಾಯಿ ಕಚ್ಚಬಲ್ಲದು. ಬೊಗಳದೆ ಮೈ ಬಿಗಿದು ನಿಂತ ನಾಯಿಯೂ ಕಚ್ಚಬಲ್ಲದು. ನಾಯಿ ಮೊದಲು ಮುಖ ಬೇರೆಡೆಗೆ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಂಚಿನ ಬಿಳುಪು ಕಾಣುವಂತೆ ಓರೆಯಾಗಿ ನೋಡುತ್ತದೆ. ‘ನನಗಿದು ಸಾಕು’ ಎಂದು ಅದು ವಿನಯದಿಂದ ಹೇಳುವ ರೀತಿ ಇದು. ಅದು ಫಲಿಸದಿದ್ದರೆ ಗುರುಗುಟ್ಟುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಒಳ್ಳೆಯದಾಗುವುದಿಲ್ಲ. ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಊಟ ಮಾಡುತ್ತಿರುವ, ಮಲಗಿರುವ ಅಥವಾ ಮರಿಗೆ ಹಾಲೂಡುತ್ತಿರುವ ನಾಯಿಯನ್ನು, ಅದು ಎಷ್ಟೇ ಸಾಧುವಾಗಿರಲಿ, ಮಕ್ಕಳು ಮುಟ್ಟಬಾರದು.

ಎರಡನೆಯದು: ನಾಯಿಯ ಬಾಲ ಡೊಂಕು. ಡೊಂಕಾದ ಬಾಲವನ್ನು ನೆಟ್ಟಗೆ ಮಾಡಲು ಹೊರಡುವ ಬದಲು ಅದನ್ನು ಓದಲು ಕಲಿಯಬೇಕು. ಬಾಲ ಆಡಿಸುವುದೆಲ್ಲ ಪ್ರೀತಿಯೂ ಅಲ್ಲ. ಸೊಂಟದಿಂದಲೇ ಮೈಯೆಲ್ಲ ಬಳುಕುವಂತೆ ಆಡುವ ಬಾಲ ಸ್ನೇಹದ್ದು. ಮೇಲಕ್ಕೆ ಸೆಟೆದು ತುದಿ ಮಾತ್ರ ನಡುಗುವ ಬಾಲ ಎಚ್ಚರಿಕೆಯದು. ಕಾಲುಗಳ ನಡುವೆ ಸಿಕ್ಕಿಸಿಕೊಂಡದ್ದು ಭಯದ್ದು. ಇಟಲಿಯ ಸಂಶೋಧಕರು 2007ರಲ್ಲಿ ಇನ್ನೂ ಸೂಕ್ಷ್ಮವಾದುದನ್ನು ಕಂಡರು. ಒಡೆಯನನ್ನು ನೋಡಿದಾಗ ನಾಯಿಯ ಬಾಲ ಅದರ ಬಲಕ್ಕೆ ಹೆಚ್ಚು ಬೀಸುತ್ತದೆ. ತನ್ನನ್ನು ಅಂಜಿಸುವ ಅಪರಿಚಿತ ನಾಯಿಯನ್ನು ಕಂಡಾಗ ಎಡಕ್ಕೆ ಹೆಚ್ಚು ಬೀಸುತ್ತದೆ.

ಮೂರನೆಯದು: ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ಬೆಕ್ಕನ್ನು ಕಪಟಿಯೆಂದು ತೋರಿಸಲು ಈ ಗಾದೆ. ಬೆಕ್ಕಿನ ಲೋಕದಲ್ಲಿ ಮಾತ್ರ ಕಣ್ಣು ಮುಚ್ಚುವುದಕ್ಕೆ ಇದರ ವಿರುದ್ಧ ಅರ್ಥವಿದೆ. ನೆಟ್ಟ ನೋಟ ಅಲ್ಲಿ ಬೆದರಿಕೆ. ನಂಬಿಕೆಯಿರುವ ಎಡೆಯಲ್ಲಿ ಬೆಕ್ಕು ಕಣ್ಣುಗಳನ್ನು ಮೆಲ್ಲಗೆ ಮುಚ್ಚಿ ತೆರೆಯುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮನುಷ್ಯರು ಬೆಕ್ಕಿನ ಮುಂದೆ ನಿಧಾನವಾಗಿ ಕಣ್ಣು ಕಿರಿದು ಮಾಡಿ ಮುಚ್ಚಿದರೆ ಬೆಕ್ಕೂ ಹಾಗೆಯೇ ಮಾಡುವ ಸಂಭವ ಹೆಚ್ಚು. ಯಾವ ಮಗುವೂ ಇಂದು ರಾತ್ರಿಯೇ ಇದನ್ನು ಪರೀಕ್ಷಿಸಬಹುದು. ಬೆಕ್ಕಿನ ಗುರ್‌ಗುರ್ ಸದ್ದೂ ಯಾವಾಗಲೂ ಸಂತೋಷದ ಗುರುತಲ್ಲ. ನೋವಿನಲ್ಲಿರುವ ಬೆಕ್ಕೂ ಹಾಗೆ ಸದ್ದು ಮಾಡುವುದುಂಟು. ಊಟ ಬಿಟ್ಟು ಮೂಲೆ ಸೇರಿದ ಬೆಕ್ಕು ಗುರ್‌ಗುರ್ ಎನ್ನುತ್ತಿದ್ದರೆ ಅದನ್ನು ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮೂರೂ ಗಾದೆಗಳು ಮನುಷ್ಯನ ಗುಣವನ್ನು ಹೇಳಲು ಪ್ರಾಣಿಯನ್ನು ಸಾಕ್ಷಿಗೆ ಎಳೆದವು. ಪ್ರಾಣಿಯ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಮನೆಯಲ್ಲಿ ಪ್ರಾಣಿಯೊಡನೆ ಬಾಳುವವರು ಅದರ ಹೇಳಿಕೆಯನ್ನು ಕೇಳಬೇಕು. ಒಂದೇ ಸೂಲಿನಲ್ಲಿ ಹುಟ್ಟಿದ ಎರಡು ಮರಿಗಳಲ್ಲಿ ಒಂದು ಬಂದವರೆಲ್ಲರ ಮಡಿಲೇರುತ್ತದೆ, ಇನ್ನೊಂದು ಬಾಗಿಲ ಸಂದಿಯಿಂದ ನೋಡುತ್ತದೆ. ಎರಡನೆಯದನ್ನು ನೆಂಟರ ಮುಂದೆ ಎಳೆದು ತರುವುದು ನಾಚಿಕೆಯ ಸ್ವಭಾವದ ಮಗುವನ್ನು ಸಭೆಯಲ್ಲಿ ಹಾಡೆಂದು ಪೀಡಿಸಿದ ಹಾಗೆ. ಈ ಭಿನ್ನತೆಗೆ ಹುಟ್ಟು ಒಂದು ಕಾರಣ, ಬಾಲ್ಯ ಇನ್ನೊಂದು. ನಾಯಿಮರಿಗಳು ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಲೋಕವನ್ನು ಪರಿಚಯ ಮಾಡಿಕೊಳ್ಳುತ್ತವೆ. ಆ ಅವಧಿಯಲ್ಲಿ ಸೌಮ್ಯವಾದ ಕೈಗಳನ್ನು ಕಾಣದ ಮರಿ ಮುಂದೆ ಅಂಜುಬುರುಕ ನಾಯಿಯಾಗಬಹುದು. ಕಣ್ಣು ಬಿಡುತ್ತಲೇ ತಾಯಿಯಿಂದ ಅಗಲಿಸಿ ತಂದ ಮರಿಯು ಕಚ್ಚಾಟದಲ್ಲಿ ಹಲ್ಲಿಗೆ ಮಿತಿಯಿಡುವುದನ್ನು ಒಡಹುಟ್ಟಿದವುಗಳಿಂದ ಕಲಿಯದೆ ಹೋಗುತ್ತದೆ.

ಇಷ್ಟು ತಿಳಿದ ಮೇಲೆ ಕಾನೂನು ಏನು ಹೇಳುತ್ತದೆಂಬುದು ಅರ್ಥವಾಗುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 3ನೆಯ ಕಲಮು, ಪ್ರಾಣಿಯನ್ನು ವಶದಲ್ಲಿರಿಸಿಕೊಂಡವನು ಅದರ ಕ್ಷೇಮಕ್ಕೆ ಬೇಕಾದ ಎಲ್ಲ ಯುಕ್ತ ಕ್ರಮಗಳನ್ನು ಕೈಗೊಳ್ಳತಕ್ಕದ್ದೆಂದು ವಿಧಿಸುತ್ತದೆ. 11ನೆಯ ಕಲಮಿನಂತೆ ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅಯುಕ್ತವಾಗಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಸಾಕಷ್ಟು ಆಹಾರ, ನೀರು, ನೆಲೆ ಒದಗಿಸದಿರುವುದು, ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದು, ಇವೆಲ್ಲ ಅಪರಾಧಗಳು. ಮನೆಯ ಪಂಜರದಲ್ಲಿ ಕೆಂಪು ಕೊರಳಪಟ್ಟಿಯ ನಾಡಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಅದು ಎಷ್ಟು ಚೆನ್ನಾಗಿ ಮಾತು ಕಲಿತರೂ ಸಾಕುಪ್ರಾಣಿಯಲ್ಲ. ಜಲ್ಲಿಕಟ್ಟು ಕುರಿತ 2014ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿತು: ಹಸಿವು ಬಾಯಾರಿಕೆಗಳಿಂದ, ಅಸೌಕರ್ಯದಿಂದ, ನೋವು ರೋಗಗಳಿಂದ, ಭಯ ಸಂಕಟಗಳಿಂದ ಮುಕ್ತವಾಗಿರುವುದು, ಮತ್ತು ತನ್ನ ಸಹಜ ನಡತೆಯನ್ನು ತೋರಲು ಅವಕಾಶವಿರುವುದು. 2023ರಲ್ಲಿ ಸಂವಿಧಾನ ಪೀಠವು ಜಲ್ಲಿಕಟ್ಟಿಗೆ ಅನುಮತಿಯಿತ್ತ ತಮಿಳುನಾಡಿನ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದರಿಂದ ಮನೆಯೊಡೆಯನ ಈ ಕರ್ತವ್ಯಗಳೇನೂ ಕಡಿಮೆಯಾಗಲಿಲ್ಲ.

ಆದರೆ ಈ ಕಾಯಿದೆಯ ಬಲವೆಷ್ಟು? 11ನೆಯ ಕಲಮಿನ ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದೆ ಐವತ್ತು ರೂಪಾಯಿಯವರೆಗೆ. 1960ರ ಐವತ್ತು ರೂಪಾಯಿ ಇಂದು ಒಂದು ಹೊತ್ತಿನ ತಿಂಡಿಗೆ ಸಾಲದು. ಪ್ರಾಣಿಯನ್ನು ಕೊಲ್ಲುವುದಕ್ಕೆ, ವಿಷವಿಕ್ಕುವುದಕ್ಕೆ, ಅಂಗಹೀನ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಐದು ವರ್ಷದವರೆಗಿನ ಸೆರೆವಾಸವನ್ನು ಹೇಳುತ್ತದೆ ನಿಜ. ಆದರೆ ಬಿಸಿಲಲ್ಲಿ ಕಟ್ಟಿದ ನಾಯಿಯ ಮುಂದೆ ಒಣಗಿದ ನೀರಿನ ತಟ್ಟೆಯನ್ನು ನೋಡಲು ಪೋಲೀಸರು ಬರುವುದಿಲ್ಲ. ಸೇಲಂ ಸೀಮೆಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಆ ತಟ್ಟೆಯನ್ನು ತುಂಬಿಸುವುದು ಮನೆಯವರು ಮಾತ್ರ. ಮನುಷ್ಯನಂತೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ; ಏದುಸಿರು ಬಿಟ್ಟು ಮೈಯ ಕಾವನ್ನು ಇಳಿಸಿಕೊಳ್ಳಬೇಕು. ನೀರೂ ನೆರಳೂ ಇಲ್ಲದಿದ್ದರೆ ಆ ಒಂದು ದಾರಿಯೂ ಮುಚ್ಚಿಹೋಗುತ್ತದೆ.

ಪ್ರಾಣಿಯನ್ನು ಓದಲು ಕಲಿಯುವುದರಲ್ಲಿ ಮನುಷ್ಯನ ಜೀವವೂ ಅಡಗಿದೆ. ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಮೊದಲ ಸುಳಿವು ಅನೇಕ ವೇಳೆ ಸ್ವಭಾವದ ಬದಲಾವಣೆ. ಸಾಧುವಾದದ್ದು ಸಿಡುಕುತ್ತದೆ, ಲವಲವಿಕೆಯದ್ದು ಕತ್ತಲ ಮೂಲೆ ಹಿಡಿಯುತ್ತದೆ, ದನಿ ಬದಲಾಗುತ್ತದೆ, ನುಂಗಲು ಕಷ್ಟಪಡುತ್ತದೆ. ನಿತ್ಯದ ನಡತೆಯನ್ನು ಬಲ್ಲವರಿಗೆ ಮಾತ್ರ ಬದಲಾದ ನಡತೆ ಕಾಣುತ್ತದೆ. ರೋಗಲಕ್ಷಣ ಕಾಣಿಸಿದ ಮೇಲೆ ಈ ರೋಗದಿಂದ ಬದುಕುಳಿಯುವವರು ಇಲ್ಲವೆಂಬಷ್ಟು ವಿರಳ. ಅದಕ್ಕೆ ಮೊದಲು ಲಸಿಕೆ ಪಡೆದರೆ ಪೂರ್ಣವಾಗಿ ತಡೆಯಬಹುದು. 1885ರಲ್ಲಿ ಲೂಯಿ ಪಾಸ್ತರ್ ಒಂಬತ್ತು ವರ್ಷದ ಬಾಲಕನಿಗೆ ಕೊಟ್ಟ ಚುಚ್ಚುಮದ್ದಿನಿಂದ ಈ ಜ್ಞಾನ ಲೋಕಕ್ಕೆ ದೊರೆಯಿತು. ತಮಿಳುನಾಡಿನದೇ ನೀಲಗಿರಿಯ ಕೂನೂರಿನಲ್ಲಿ 1907ರಿಂದ ಪಾಸ್ತರ್ ಸಂಸ್ಥೆ ಈ ಕೆಲಸದಲ್ಲಿ ತೊಡಗಿದೆ.

ಇಲ್ಲಿ ಹೆತ್ತವರು ಮನಸ್ಸಿನಲ್ಲಿಡಬೇಕಾದ ಮಾತೊಂದಿದೆ. ಮನೆಯ ನಾಯಿಯ ಹಲ್ಲು ತಾಗಿದರೆ ಮಗು ಅದನ್ನು ಬಚ್ಚಿಡುವುದುಂಟು. ನೋವಿನ ಭಯದಿಂದಲ್ಲ, ಸೂಜಿಯ ಭಯದಿಂದಲೂ ಅಲ್ಲ. ‘ಕರಿಯನನ್ನು ಹೊಡೆಯುತ್ತಾರೆ, ದೂರ ಬಿಟ್ಟುಬರುತ್ತಾರೆ’ ಎಂಬ ಭಯದಿಂದ. ಪ್ರೀತಿಯೇ ಬಾಯಿ ಕಟ್ಟಿಸುವ ಸಂದರ್ಭ ಇದು. ಆದುದರಿಂದ ನಾಯಿ ಮನೆಗೆ ಬಂದ ದಿನವೇ ಹಿರಿಯರು ಮಗುವಿಗೆ ಮಾತು ಕೊಡಬೇಕು: ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ಕೂಡಲೇ ಹೇಳು, ಹೇಳಿದ್ದಕ್ಕೆ ನಿನ್ನನ್ನೂ ದಂಡಿಸುವುದಿಲ್ಲ, ನಾಯಿಯನ್ನೂ ದಂಡಿಸುವುದಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅರಿಸಿನ, ಸುಣ್ಣ, ಖಾರದ ಪುಡಿ ಯಾವುದನ್ನೂ ಮೆತ್ತದೆ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ವೈದ್ಯರು ಹೇಳಿದ ದಿನಗಳಲ್ಲೆಲ್ಲ ತಪ್ಪದೆ ಲಸಿಕೆ ಹಾಕಿಸಬೇಕು. ಮರಿಗೆ ಮೂರು ತಿಂಗಳಾಗುತ್ತಲೇ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳ ದಿನಗಳನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿಡಬೇಕು.

ಇಷ್ಟೆಲ್ಲ ಹೊಣೆ ಹೊತ್ತ ಮನೆಗೆ ದೊರೆಯುವುದೇನು? ಕನ್ನಡ ಶಾಲೆಯ ಕುಟುಂಬಗಳಿಗೆ ಒಂದು ಹೆಚ್ಚಿನ ಲಾಭವಿದೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದಲ್ಲಿ 1999ರಿಂದ ಮಕ್ಕಳನ್ನು ತರಬೇತಾದ ನಾಯಿಯ ಪಕ್ಕದಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸುವ ಏರ್ಪಾಡು ಆರಂಭವಾಯಿತು. ಅದು ಆಮೇಲೆ ಅನೇಕ ದೇಶಗಳಿಗೆ ಹಬ್ಬಿತು. ಕಾರಣ ಸರಳ. ನಾಯಿ ತಪ್ಪು ಎಣಿಸುವುದಿಲ್ಲ, ನಗುವುದಿಲ್ಲ, ಅವಸರಪಡಿಸುವುದಿಲ್ಲ. ಬೀದಿಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು ಇರುವ ಊರಿನಲ್ಲಿ ಒತ್ತಕ್ಷರಗಳ ಮುಂದೆ ತಡವರಿಸುವ ಮಗುವಿಗೆ ಜಗುಲಿಯ ಮೇಲೆ ಮಲಗಿದ ನಾಯಿಗಿಂತ ಸಮಾಧಾನದ ಕೇಳುಗ ದೊರೆಯುವುದು ಕಷ್ಟ. ಆ ಕೇಳುಗನಿಗೂ ಆ ಭಾಷೆ ಪರಿಚಿತವೇ ಎಂಬುದನ್ನು ಬುಡಾಪೆಸ್ಟಿನ ಅಧ್ಯಯನ ನೆನಪಿಸುತ್ತದೆ.

ಈ ವಾರ ಮಕ್ಕಳು ಒಂದು ಕೆಲಸ ಮಾಡಬಹುದು. ಮನೆಯಲ್ಲಿ ಪ್ರಾಣಿಯಿದ್ದರೆ ಅದರ ಹೆಸರನ್ನು ಹಳೆಯ ನೋಟುಪುಸ್ತಕದ ಮೇಲೆ ಬರೆದು, ಏಳು ದಿನ, ದಿನಕ್ಕೆ ನಾಲ್ಕು ಸಾಲು ಬರೆಯಲಿ. ಎಲ್ಲಿ ಮಲಗಿತು, ಯಾರ ಹೆಜ್ಜೆಯ ಸದ್ದಿಗೆ ಎದ್ದಿತು, ಯಾವುದಕ್ಕೆ ಅಂಜಿತು, ಎಷ್ಟು ಉಂಡಿತು. ನಾಯಿಯ ದನಿಗೆ ಕನ್ನಡದಲ್ಲಿ ಒಂದೇ ಪದವಿಲ್ಲ: ಬೊಗಳುವುದು ಬೇರೆ, ಗುರುಗುಟ್ಟುವುದು ಬೇರೆ, ಊಳಿಡುವುದು ಬೇರೆ, ಕುಂಯ್‌ಗುಟ್ಟುವುದು ಬೇರೆ. ಯಾವ ಹೊತ್ತಿನಲ್ಲಿ ಯಾವುದು ಎಂದು ಗುರುತಿಸಿ ಸರಿಯಾದ ಪದವನ್ನೇ ಬರೆಯಲಿ. ಮನೆಯಲ್ಲಿ ಪ್ರಾಣಿಯಿಲ್ಲದವರು ಬೀದಿಯ ನಾಯಿಯನ್ನೋ ನೆರೆಮನೆಯ ಮೇಕೆಯನ್ನೋ ದೂರದಿಂದ ನೋಡಿ ಬರೆಯಬಹುದು. ವಾರದ ಕೊನೆಯಲ್ಲಿ ಆ ಪುಸ್ತಕವನ್ನು ಅಜ್ಜಿ ತಾತಂದಿರಿಗೆ ಓದಿ ಹೇಳಲಿ; ಅವರ ಕಾಲದ ಹಸು ನಾಯಿಗಳ ಹೆಸರುಗಳನ್ನು ಕೇಳಿ ಕೊನೆಯ ಪುಟದಲ್ಲಿ ಬರೆದುಕೊಳ್ಳಲಿ.

ಬರೆಯುವಾಗ ‘ಅದು’ ಎಂದು ಬರೆಯಬೇಕೋ ‘ಅವನು’, ‘ಅವಳು’ ಎಂದು ಬರೆಯಬೇಕೋ ಎಂದು ಮಗು ಕೇಳಿದರೆ, ಪರೀಕ್ಷೆಯ ಹಾಳೆಯಲ್ಲಿ ‘ಅದು’ ಎಂದೂ ಈ ಪುಸ್ತಕದಲ್ಲಿ ಮನೆಯಲ್ಲಿ ಕರೆಯುವಂತೆಯೂ ಬರೆಯೆಂದು ಹೇಳಿದರೆ ಸಾಕು. ಯಾವ ಕನ್ನಡ ಪಂಡಿತರೂ ಆಕ್ಷೇಪಿಸಲಾರರು.